ಹೋಟೆಲ್ ಕೇಳಬ್ಯಾಡ್ರಿ, ರೊಟ್ಟಿ ಕೇಳ್ರಿ

ನಾನು ಚಿತ್ತಾಪುರದವನು ಅಂತ ಗೊತ್ತಾದ ಮೇಲೆ ಬೆಂಗಳೂರಿನ ಆಫೀಸಿನಲ್ಲಿ ವರ್ಷಕ್ಕೆ ನಾಲ್ಕೈದು ಜನರಾದ್ರೂ ಒಂದೇ ಪ್ರಶ್ನೆ ಕೇಳ್ತಾರೆ: "ನಿಮ್ಮ ಕಡೆ ಎರಡು ದಿನಕ್ಕೆ ಬರ್ತಿದೀವಿ, ಒಳ್ಳೆ ಊಟ ಎಲ್ಲಿ ಸಿಗುತ್ತೆ?" ಒಬ್ಬರಿಗೆ ಮಳಖೇಡದ ಕೋಟೆ ನೋಡಬೇಕು. ಇನ್ನೊಬ್ಬರಿಗೆ ಸನ್ನತಿ ಹತ್ತಿರದ ಕನಗನಹಳ್ಳಿಯಲ್ಲಿ ಸಿಕ್ಕ ಅಶೋಕನ ಶಿಲ್ಪ. ಮತ್ತೊಬ್ಬರಿಗೆ ಸಿಮೆಂಟ್ ಫ್ಯಾಕ್ಟರಿಯಲ್ಲಿ ಸಾಫ್ಟ್‌ವೇರ್ ಹಾಕುವ ಕೆಲಸ. ಕಾರಣ ಏನೇ ಇರಲಿ, ಎಲ್ಲರೂ ಮಾಡುವುದು ಒಂದೇ. ಫೋನ್ ತೆಗೆದು ಮ್ಯಾಪ್‌ನಲ್ಲಿ "ರೆಸ್ಟೋರೆಂಟ್" ಅಂತ ಹೊಡೀತಾರೆ. ಬರುವ ಉತ್ತರವೂ ಒಂದೇ ಥರದ್ದು: ಗೋಬಿ ಮಂಚೂರಿ, ಪನೀರ್ ಬಟರ್ ಮಸಾಲ, ಫ್ರೈಡ್ ರೈಸ್. ಇವು ಮಾರತ್ತಹಳ್ಳಿಯಲ್ಲೂ ಸಿಗ್ತವೆ. ಇದಕ್ಕೋಸ್ಕರ ರಾತ್ರಿಯಿಡೀ ರೈಲಿನಲ್ಲಿ ಬರಬೇಕಾಗಿಲ್ಲ.

ಪ್ರತಿ ಸಲ ವಾಟ್ಸ್ಆ್ಯಪ್‌ನಲ್ಲಿ ಉದ್ದುದ್ದ ಉತ್ತರ ಬರೆಯುವ ಬದಲು ಈ ಸಲದ ಅಂಕಣದಲ್ಲೇ ಬರೆದುಬಿಡ್ತೀನಿ. ಒಂದೇ ಸಾಲಲ್ಲಿ ಹೇಳೋದಾದ್ರೆ, ನಮ್ಮ ಕಡೆ ಒಳ್ಳೆ ಊಟಕ್ಕೆ ದೊಡ್ಡ ಬೋರ್ಡ್ ಇರೋದಿಲ್ಲ, ಹೊತ್ತು ಇರುತ್ತೆ. ಆ ಹೊತ್ತಿಗೆ ಸರಿಯಾದ ಬಾಗಿಲ ಮುಂದೆ ನಿಂತರೆ ನಿಮ್ಮ ಕೆಲಸ ಆಯ್ತು.

ಮೊದಲು ಊರುಗಳ ಪರಿಚಯ

ನಾನು ಹೇಳ್ತಿರೋದು ಕಲಬುರಗಿ ಜಿಲ್ಲೆಯ ಐದು ಊರುಗಳ ಬಗ್ಗೆ: ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ, ಚಿಂಚೋಳಿ. ಮುಂಬೈ–ಚೆನ್ನೈ ರೈಲು ದಾರಿಯಲ್ಲಿ ವಾಡಿ ದೊಡ್ಡ ಜಂಕ್ಷನ್. ಅಲ್ಲಿಂದ ಸಿಕಂದರಾಬಾದ್‌ಗೆ ಹೋಗುವ ಹಳಿಯನ್ನು ನಿಜಾಮರ ಕಾಲದಲ್ಲಿ, 1874ರಲ್ಲಿ ಹಾಕಿದ್ದು. ಆ ಹಳಿಯ ಮೇಲೆ ಚಿತ್ತಾಪುರ, ಮಳಖೇಡ ರೋಡ್, ಸೇಡಂ ಬರ್ತವೆ. ಶಹಾಬಾದ್ ಇರೋದು ವಾಡಿಯಿಂದ ಕಲಬುರಗಿ ಕಡೆ ಹೋಗುವ ಹಳಿಯ ಮೇಲೆ. ಚಿಂಚೋಳಿಗೆ ಮಾತ್ರ ರೈಲಿಲ್ಲ, ಬಸ್ಸೇ ಗತಿ.

ನೆಲದ ಮೇಲೆ ಕಪ್ಪು ಎರೆಮಣ್ಣು, ಕೆಳಗೆ ಸುಣ್ಣದ ಕಲ್ಲು. ಮೇಲಿನ ಮಣ್ಣಿನಲ್ಲಿ ತೊಗರಿ, ಜೋಳ. ಕೆಳಗಿನ ಕಲ್ಲಿನಿಂದ ಶಹಾಬಾದ್ ಫರಸಿ ಮತ್ತು ಸಿಮೆಂಟು. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಈ ಸೀಮೆ 1948ರ ಸೆಪ್ಟೆಂಬರ್ 17ರವರೆಗೂ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಹಾಗಾಗಿ ಇಲ್ಲಿನ ಊಟಕ್ಕೆ ಎರಡು ಮನೆ. ಒಂದು ಜೋಳದ ರೊಟ್ಟಿಯ ಮನೆ, ಇನ್ನೊಂದು ಹೈದರಾಬಾದಿನ ಹಂಡೆಯ ಮನೆ. ಎರಡನ್ನೂ ಹುಡುಕಬೇಕು. ಆದರೆ ಮೊದಲನೆಯದು ಸಿಗೋದು ಕಷ್ಟ, ಅದಕ್ಕೇ ಅದರ ಬಗ್ಗೆ ಹೆಚ್ಚು ಹೇಳ್ತೀನಿ.

ರೊಟ್ಟಿಗೆ ಮೆನು ಕಾರ್ಡ್ ಯಾಕೆ ಆಗಿಬರೋದಿಲ್ಲ

ಗೋಧಿ ಹಿಟ್ಟಿನಲ್ಲಿ ಗ್ಲೂಟನ್ ಅನ್ನೋ ಜಿಗಿ ಇರುತ್ತೆ. ಬೆಳಗ್ಗೆ ಕಲಸಿಟ್ಟರೆ ಮಧ್ಯಾಹ್ನವೂ ಚಪಾತಿ ಲಟ್ಟಿಸಬಹುದು. ಜೋಳದಲ್ಲಿ ಆ ಜಿಗಿ ಇಲ್ಲ. ಕುದಿಯುವ ಎಸರು ಹಾಕಿ ಹಿಟ್ಟಿನ ಪಿಷ್ಟ ಮೆತ್ತಗಾದಾಗ ಮಾತ್ರ ಅದು ಒಂದಕ್ಕೊಂದು ಹಿಡಿದುಕೊಳ್ಳುತ್ತೆ. ಆ ಹಿಡಿತವೂ ಸ್ವಲ್ಪ ಹೊತ್ತಿನದು. ನಾದಿದ ಹಿಟ್ಟು ಆರಿದರೆ ರೊಟ್ಟಿಯ ಅಂಚು ಬಿರಿಯುತ್ತೆ. ಆದ್ದರಿಂದ ಒಂದೊಂದು ಉಂಡೆಯನ್ನೂ ಆಗಲೇ ನಾದಿ, ಆಗಲೇ ಕೈಯಿಂದ ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ, ಉಬ್ಬಿಸಿ, ತಟ್ಟೆಗೆ ಹಾಕಬೇಕು. ಉಬ್ಬಿದ ರೊಟ್ಟಿ ಐದು ನಿಮಿಷದಲ್ಲಿ ತಿಂದರೆ ರೊಟ್ಟಿ. ಅರ್ಧ ಗಂಟೆ ಬಿಟ್ಟು ತಿಂದರೆ ಬರೀ ಹೊಟ್ಟೆ ತುಂಬುತ್ತೆ.

ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಇದನ್ನ ಕ್ಯಾಶ್ ಮಾಡಿ ಇಡೋಕೆ ಆಗಲ್ಲ. ಪ್ರತಿ ರಿಕ್ವೆಸ್ಟ್‌ಗೂ ಹೊಸದಾಗಿ ರನ್ ಆಗಬೇಕು. ನೂರಿಪ್ಪತ್ತು ಐಟಂ ಇರುವ ಮೆನು ಕಾರ್ಡ್‌ನ ಅಡುಗೆಮನೆಗೆ ಇದು ಒಗ್ಗೋದಿಲ್ಲ. ಅಲ್ಲಿ ಎಲ್ಲವೂ ಮೊದಲೇ ಮಾಡಿಟ್ಟ ಗ್ರೇವಿಯ ಮೇಲೆ ನಡೆಯುತ್ತೆ. ಬಿಸಿ ರೊಟ್ಟಿ ಬೇಕು ಅಂದ್ರೆ ಅದನ್ನೇ ಮಾಡಿಕೊಂಡು ಕೂತಿರುವ ಜಾಗ ಬೇಕು. ಅದಕ್ಕೆ ನಮ್ಮ ಕಡೆಯ ಹೆಸರು ಖಾನಾವಳಿ.

ಬಿಸಿ ರೊಟ್ಟಿ ಉಳಿಯೋದಿಲ್ಲ ಅನ್ನೋದಕ್ಕೆ ನಮ್ಮ ಅಜ್ಜಿಯರು ಕಂಡುಕೊಂಡ ಉಪಾಯ ಕಡಕ್ ರೊಟ್ಟಿ. ತೆಳ್ಳಗೆ ಬಡಿದು, ಬೇಯಿಸಿ, ನೀರಿನ ಅಂಶ ಪೂರ್ತಿ ಹೋಗುವಂತೆ ಒಣಗಿಸಿ ಇಟ್ಟರೆ ವಾರಗಟ್ಟಲೆ ಕೆಡೋದಿಲ್ಲ. ಈಗ ಮಹಿಳಾ ಸ್ವಸಹಾಯ ಸಂಘಗಳು ಮಾಡುವ ಕಡಕ್ ರೊಟ್ಟಿ "ಕಲಬುರಗಿ ರೊಟ್ಟಿ" ಅನ್ನೋ ಬ್ರ್ಯಾಂಡ್‌ನಲ್ಲಿ ಆನ್‌ಲೈನ್‌ನಲ್ಲೂ ಸಿಗುತ್ತೆ. 2025ರ ಜೂನ್ ತಿಂಗಳ "ಮನ್ ಕೀ ಬಾತ್"ನಲ್ಲಿ ಅದರ ಪ್ರಸ್ತಾಪವೂ ಬಂತು. ಅದನ್ನ ಬೆಂಗಳೂರಲ್ಲೇ ತರಿಸ್ಕೊಳ್ಳಿ. ಬಿಸಿ ರೊಟ್ಟಿ ಮಾತ್ರ ಇಲ್ಲಿಗೇ ಬಂದು ಉಣ್ಣಬೇಕು.

ಫ್ರಾನ್ಸ್‌ನಲ್ಲೂ ಹೊತ್ತೇ ಮುಖ್ಯ

ಇದು ನಮ್ಮೂರಿಗಷ್ಟೇ ಸೀಮಿತ ಅಂದ್ಕೋಬೇಡಿ. ಆಫೀಸ್ ಕೆಲಸದ ಮೇಲೆ ನಾನು ಒಂದು ವಾರ ದಕ್ಷಿಣ ಫ್ರಾನ್ಸಿನ ಟುಲೂಸ್‌ನಲ್ಲಿದ್ದೆ. ಅಲ್ಲಿನ ಸಣ್ಣ ಊರುಗಳಲ್ಲಿ ಮಧ್ಯಾಹ್ನದ ಊಟ ಅಂದ್ರೆ ಸುಮಾರು ಹನ್ನೆರಡರಿಂದ ಎರಡರವರೆಗೆ. ಎರಡೂವರೆಗೆ ಹೋಗಿ ನಿಂತರೆ ಅಡುಗೆಮನೆ ಮುಚ್ಚಿರುತ್ತೆ. ಬಾಗಿಲ ಹೊರಗೆ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ "ಪ್ಲಾ ದ್ಯು ಜೂರ್", ಅಂದ್ರೆ ಇವತ್ತಿನ ಅಡುಗೆ, ಅಂತ ಬರೆದಿರ್ತಾರೆ. ಹಲಗೆ ಚಿಕ್ಕದಿದ್ದಷ್ಟೂ ಊಟ ಚೆನ್ನಾಗಿರುತ್ತೆ ಅಂತ ಅಲ್ಲಿನ ಸಹೋದ್ಯೋಗಿಯೊಬ್ಬ ಹೇಳಿಕೊಟ್ಟ. ಹತ್ತು ಭಾಷೆಯಲ್ಲಿ ಫೋಟೋ ಸಮೇತ ಮೆನು ಇಟ್ಟ ಕಡೆ ಅವನು ಕಾಲಿಡಲಿಲ್ಲ.

ಆ ಸೀಮೆಯ ಹೆಸರಾದ ಅಡುಗೆ ಕಸೂಲೆ. ಬಿಳಿ ಅವರೆಯಂಥ ಕಾಳನ್ನ ಮಾಂಸದ ಜೊತೆ ಮಣ್ಣಿನ ಪಾತ್ರೆಯಲ್ಲಿ ಗಂಟೆಗಟ್ಟಲೆ ಬೇಯಿಸ್ತಾರೆ. ಟುಲೂಸ್, ಕಾರ್ಕಸೋನ್, ಕಾಸ್ಟೆಲ್ನೊದರಿ ಮೂರೂ ಊರಿನವರು ನಮ್ಮದೇ ಅಸಲಿ ಅಂತ ಜಗಳ ಆಡ್ತಾರೆ. ಹೊಲದಲ್ಲಿ ದುಡಿಯೋರ ಕಾಳಿನ ಊಟ ಅದು. ಆದರೆ ಅದನ್ನ ಅತಿಥಿಗೆ ಬಡಿಸೋಕೆ ಅವರಿಗೆ ಒಂಚೂರೂ ನಾಚಿಕೆ ಇಲ್ಲ. ಈ ನಾಚಿಕೆಯ ವಿಷಯಕ್ಕೆ ಆಮೇಲೆ ಬರ್ತೀನಿ.

ಇನ್ನೊಂದು ತಮಾಷೆ. ಊಟದ ಜಾಗಗಳಿಗೆ ಸ್ಟಾರ್ ಕೊಡುವ ಮಿಶೆಲಿನ್ ಗೈಡ್ ಶುರುವಾಗಿದ್ದು 1900ರಲ್ಲಿ, ಒಂದು ಟೈರ್ ಕಂಪನಿಯಿಂದ. ಜನ ಕಾರಿನಲ್ಲಿ ಹೆಚ್ಚು ತಿರುಗಲಿ, ಟೈರ್ ಹೆಚ್ಚು ಸವೆಯಲಿ ಅನ್ನೋದು ಲೆಕ್ಕ. ನಮ್ಮ ಕಡೆ ಪುಸ್ತಕ ಇಲ್ಲ, ಆದರೆ ಟೈರ್ ಸವೆಸುವವರು ಬೇಕಾದಷ್ಟು ಇದ್ದಾರೆ. ಅವರನ್ನೇ ಕೇಳಬೇಕು.

ಗುರುತು ಹಿಡಿಯೋದು ಹೇಗೆ

ಒಂದು: ಪ್ರಶ್ನೆ ಬದಲಿಸಿ. "ಒಳ್ಳೆ ಹೋಟೆಲ್ ಎಲ್ಲಿದೆ?" ಅಂತ ಕೇಳಿದರೆ ನಮ್ಮ ಮಂದಿ ನಿಮ್ಮ ಬಟ್ಟೆ, ಬ್ಯಾಗು ನೋಡಿ ಎಸಿ ಇರೋ ಜಾಗ ತೋರಿಸ್ತಾರೆ. ಅದು ಅವರ ಮರ್ಯಾದೆ. ಅದರ ಬದಲು "ಬಿಸಿ ರೊಟ್ಟಿ ಎಲ್ಲಿ ಸಿಗತಾವ್ರಿ?" ಅಂತ ಕೇಳಿ. ಉತ್ತರವೇ ಬೇರೆ ಬರುತ್ತೆ. "ಬಸ್ ಸ್ಟ್ಯಾಂಡ್ ಹಿಂದ ಹೋಗ್ರಿ, ಬೋರ್ಡಿಲ್ಲ, ಹಸಿರು ಬಾಗಲ ಅದ" ಅನ್ನೋ ಥರ.

ಎರಡು: ಯಾರನ್ನ ಕೇಳಬೇಕು? ಮನೆಯಿಂದ ದೂರ ಇದ್ದು, ದಿನಾ ಹೊರಗೆ ಉಣ್ಣುವವರನ್ನ. ಬಸ್ ಕಂಡಕ್ಟರ್, ಊರ ಹೊರಗಿಂದ ಬರುವ ಶಾಲೆ ಮೇಷ್ಟ್ರು, ತಹಸೀಲ್ದಾರ್ ಆಫೀಸಿನ ಗುಮಾಸ್ತರು, ಕೋರ್ಟ್ ಹತ್ತಿರದ ಟೈಪಿಂಗ್ ಅಂಗಡಿಯವರು, ಲಾರಿ ಡ್ರೈವರ್‌ಗಳು. ಡ್ರೈವರ್ ವಿಷಯದಲ್ಲಿ ಒಂದು ಎಚ್ಚರಿಕೆ. ಸಿಮೆಂಟ್ ಲಾರಿಗಳಲ್ಲಿ ಹೊರ ರಾಜ್ಯದವರೂ ಇರ್ತಾರೆ. ಅವರು ತೋರಿಸುವ ಧಾಬಾದಲ್ಲಿ ದಾಲ್ ತಡ್ಕಾ ಚೆನ್ನಾಗಿರುತ್ತೆ, ರೊಟ್ಟಿ ಇರೋದಿಲ್ಲ. ಟ್ರ್ಯಾಕ್ಟರ್ ಓಡಿಸುವವರನ್ನ ಕೇಳಿ.

ಮೂರು: ಕಿವಿ ಕೊಡಿ. ರೊಟ್ಟಿ ಬಡಿಯುವ ಪಟಪಟ ಸದ್ದು ರಸ್ತೆಗೇ ಕೇಳಿಸುತ್ತೆ. ಸದ್ದು ಕೇಳಿಸ್ತಿದೆ ಅಂದ್ರೆ ನಿಮ್ಮ ರೊಟ್ಟಿ ಇನ್ನೂ ಹುಟ್ಟಿಲ್ಲ ಅಂತ ಅರ್ಥ. ಒಳ್ಳೆ ಲಕ್ಷಣ.

ನಾಲ್ಕು: ಹೊತ್ತು. ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡರ ಒಳಗೆ ಹೋಗಿ. ರಾತ್ರಿ ಎಂಟರ ಆಸುಪಾಸು. ಮೂರು ಗಂಟೆಗೆ ಹೋದರೆ "ಒಲಿ ಆರ್ಸೀವ್ರಿ" ಅಂತಾರೆ. ಅದು ಸೋಮಾರಿತನ ಅಲ್ಲ. ಬೆಳಗ್ಗೆ ಎದ್ದು ಎಸರು ಇಟ್ಟವರು ಆಗ ತಾವು ಉಣ್ಣೋಕೆ ಕೂತಿರ್ತಾರೆ.

ಐದು: "ಇವತ್ತು ಪಲ್ಯ ಏನ್ ಮಾಡೀರಿ?" ಅಂತ ಕೇಳಿ. ಎರಡು ಹೆಸರು ಹೇಳಿದರೆ ಕೂತುಕೊಳ್ಳಿ. ಹತ್ತು ಹೆಸರು ಹೇಳಿದರೆ ಚಹಾ ಕುಡಿದು ಎದ್ದು ಬನ್ನಿ.

ಇಲ್ಲಿ ನಾನು ಅಂಗಡಿಗಳ ಹೆಸರು ಕೊಡ್ತಿಲ್ಲ, ಯಾಕಂದ್ರೆ ಬಸವೇಶ್ವರ ಖಾನಾವಳಿ, ಮಲ್ಲಿಕಾರ್ಜುನ ಖಾನಾವಳಿ ಅನ್ನೋ ಹೆಸರುಗಳು ಉತ್ತರ ಕರ್ನಾಟಕದ ಯಾವ ಊರಲ್ಲಾದ್ರೂ ಸಿಗ್ತವೆ. ರುಚಿ ಇರೋದು ಬೋರ್ಡಿನಲ್ಲಿ ಅಲ್ಲ, ಒಲೆ ಮುಂದೆ ಕೂತವರ ಕೈಯಲ್ಲಿ. ಆ ಕೈ ಬದಲಾದರೆ ಹೆಸರು ಅದೇ ಇದ್ರೂ ಊಟ ಬೇರೆ.

ತಟ್ಟೆಯಲ್ಲಿ ಏನಿರುತ್ತೆ

ಎರಡು ಬಿಸಿ ರೊಟ್ಟಿ. ಒಂದು ಕಾಯಿಪಲ್ಯ, ಹೆಚ್ಚಾಗಿ ಶೇಂಗಾ-ಎಳ್ಳಿನ ಮಸಾಲೆ ತುಂಬಿದ ಬದನೆಕಾಯಿಯ ಎಣ್ಣೆಗಾಯಿ. ಒಂದು ಕಾಳುಪಲ್ಯ: ಹೆಸರು, ಮಡಕಿ ಅಥವಾ ಅಲಸಂದಿ. ಪಕ್ಕದಲ್ಲಿ ಶೇಂಗಾ ಹಿಂಡಿ, ಅಗಸಿ ಹಿಂಡಿ ಅಥವಾ ಗುರೆಳ್ಳು ಹಿಂಡಿ. ಹಿಂಡಿ ಅಂದ್ರೆ ನಿಮ್ಮ ಕಡೆಯ ಚಟ್ನಿಪುಡಿ. ಅದರ ಮೇಲೆ ಗಟ್ಟಿ ಮೊಸರು. ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಒಮ್ಮೊಮ್ಮೆ ಹಸಿ ಮೆಂತ್ಯದ ಸೊಪ್ಪು. ಕೊನೆಗೆ ಅನ್ನ, ತೊಗರಿಬೇಳೆ ಸಾರು. ಖಾರ ಜಾಸ್ತಿ ಅನ್ನಿಸಿದರೆ ನೀರು ಕುಡೀಬೇಡಿ, ಮೊಸರು ಹಾಕಿಸ್ಕೊಳ್ಳಿ.

ಪುಂಡಿ ಪಲ್ಯ ಇದೆ ಅಂದ್ರೆ ಬಿಡಬೇಡಿ. ಆಂಧ್ರದವರು ಗೋಂಗೂರ ಅನ್ನೋ ಅದೇ ಹುಳಿ ಸೊಪ್ಪು. ನಮ್ಮಲ್ಲಿ ಅದಕ್ಕೆ ಬೇಳೆ, ಜೋಳದ ನುಚ್ಚು ಹಾಕಿ ಮೆತ್ತಗೆ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಡ್ತಾರೆ. ಬಿಸಿ ರೊಟ್ಟಿಯ ಮೇಲೆ ಹಾಕಿ, ಎರಡು ಹನಿ ಹಸಿ ಎಣ್ಣೆ ಬಿಟ್ಟುಕೊಂಡು ತಿಂದವರು ಮತ್ತೆ ಬರ್ತಾರೆ.

ಊರೂರಿನ ರುಚಿ

ವಾಡಿ ಮತ್ತು ಶಹಾಬಾದ್: ಇವು ದುಡಿಯುವವರ ಊರು. ಎಸಿಸಿ ಸಿಮೆಂಟು, ಕಲ್ಲಿನ ಗಣಿ, ರೈಲ್ವೆ. ಬೆಳಗ್ಗೆ ಶಿಫ್ಟ್‌ಗೆ ಹೋಗುವವರಿಗಾಗಿ ಅಂಗಡಿಗಳು ಬೇಗ ತೆರೀತವೆ. ಹೈದರಾಬಾದಿನ ಹಂಡೆಯ ಊಟ ಹುಡುಕೋದು ಇಲ್ಲೇ. ಮಾಂಸ ತಿನ್ನುವವರು ಮುಸ್ಲಿಂ ಹೋಟೆಲ್‌ಗಳಲ್ಲಿ ತಹರಿ ಕೇಳಿ. ಅಕ್ಕಿ, ಮಾಂಸ ಒಟ್ಟಿಗೆ ಬೇಯಿಸಿದ ಹಳದಿ ಅನ್ನ ಅದು. ಬಿರಿಯಾನಿಯಷ್ಟು ಡೌಲು ಇಲ್ಲ, ಆದರೆ ಕಲಬುರಗಿ ಸೀಮೆಯ ಮಂದಿಗೆ ಬಿರಿಯಾನಿಗಿಂತ ಹತ್ತಿರದ್ದು. ಇದಕ್ಕೂ ಹೊತ್ತಿನ ನಿಯಮವೇ. ಹಂಡೆ ಖಾಲಿಯಾದರೆ ಅಂಗಡಿ ಖಾಲಿ. ಮಾಂಸ ತಿನ್ನದವರಿಗೆ ಸುಸಲಾ-ಮಿರ್ಚಿ ಇದೆ. ನೆನೆಸಿದ ಮಂಡಾಳಿನ ಒಗ್ಗರಣೆ, ಜೊತೆಗೆ ಬಿಸಿ ಮಿರ್ಚಿ ಭಜಿ, ಆಮೇಲೆ ಖಡಕ್ ಚಹಾ.

ಚಿತ್ತಾಪುರ: ನಮ್ಮೂರು. ಊರ ಪಕ್ಕದ ನಾಗಾವಿಯಲ್ಲಿ 11ನೇ ಶತಮಾನದ ಘಟಿಕಾಸ್ಥಾನದ ಕುರುಹುಗಳಿವೆ, ಬೆಳಗ್ಗೆ ಅದನ್ನ ನೋಡಿ ಬನ್ನಿ. ತಾಲ್ಲೂಕು ಕಚೇರಿ, ಕೋರ್ಟು ಇರೋ ಊರಾದ್ದರಿಂದ ಹಳ್ಳಿಗಳಿಂದ ಕೆಲಸಕ್ಕೆ ಬಂದವರು ಮಧ್ಯಾಹ್ನ ಉಣ್ಣಲೇಬೇಕು. ಹಾಗಾಗಿ ವಾರದ ದಿನಗಳಲ್ಲಿ ರೊಟ್ಟಿ ಊಟ ಚೆನ್ನಾಗಿ ಸಿಗುತ್ತೆ. ಭಾನುವಾರ ಕಚೇರಿ ಇಲ್ಲ, ಗಿರಾಕಿ ಇಲ್ಲ, ಒಲೆಯೂ ತಣ್ಣಗೆ. ವೀಕೆಂಡ್ ಟ್ರಿಪ್ ಅಂತ ಶನಿವಾರ-ಭಾನುವಾರ ಬರುವವರು ಇದನ್ನ ನೆನಪಿಡಿ. ಆದ್ರೆ ಶುಕ್ರವಾರ ರಜೆ ಹಾಕಿ. ಸನ್ನತಿಗೆ ಹೋಗುವವರು ಇಲ್ಲೇ ರೊಟ್ಟಿ ಕಟ್ಟಿಸ್ಕೊಂಡು ಹೋಗಿ. ಭೀಮಾ ನದಿ ದಂಡೆಯ ಮೇಲೆ ಕೂತು ಕಡಕ್ ರೊಟ್ಟಿ, ಹಿಂಡಿ, ಮೊಸರು ಉಣ್ಣೋದು ಬೇರೆಯೇ ಸುಖ.

ಮಳಖೇಡ ಮತ್ತು ಸೇಡಂ: ಕಾಗಿಣಾ ನದಿ ದಂಡೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಕವಿರಾಜಮಾರ್ಗ ಹುಟ್ಟಿದ ಆಸ್ಥಾನ ಇದೇ ಊರಿನದು. ಕೋಟೆ ನೋಡಿ, ಊಟಕ್ಕೆ ಸೇಡಂಗೆ ಬನ್ನಿ. ತೆಲಂಗಾಣದ ತಾಂಡೂರು ಪಕ್ಕದಲ್ಲೇ ಇರೋದ್ರಿಂದ ಸೇಡಂನಲ್ಲಿ ತೆಲುಗೂ ಕೇಳಿಸುತ್ತೆ, ಊಟದಲ್ಲೂ ಹುಳಿ-ಖಾರ ಒಂದು ಕೈ ಜಾಸ್ತಿ. ಪುಂಡಿ ಪಲ್ಯವನ್ನ ಇಲ್ಲೇ ಹುಡುಕಿ. ತೊಗರಿ ನಾಡಿನ ನಡುವೆ ಇದ್ದೀರಿ, ಹಾಗಾಗಿ ಬರೀ ಬ್ಯಾಳಿಯನ್ನೂ ಕೇಳಿ: ಬೆಂದ ತೊಗರಿಬೇಳೆ, ಉಪ್ಪು, ಒಗ್ಗರಣೆ, ಅಷ್ಟೇ. ಇದಕ್ಕೇ ಜಿಐ ಟ್ಯಾಗ್ ಸಿಕ್ಕಿದ್ದು ಅಂತ ಆಗ ಗೊತ್ತಾಗುತ್ತೆ.

ಚಿಂಚೋಳಿ: 2011ರಲ್ಲಿ ಘೋಷಣೆಯಾದ ವನ್ಯಜೀವಿಧಾಮ, ಚಂದ್ರಂಪಳ್ಳಿ ಅಣೆಕಟ್ಟು, ಮಳೆಗಾಲದಲ್ಲಿ ಎತ್ತಿಪೋತ ಜಲಪಾತ. ಕಾಡಿನ ಕಡೆ ಹೋದ್ರೆ ಊಟ ಸಿಗುತ್ತೆ ಅಂತ ನಂಬ್ಕೊಂಡು ಹೋಗಬೇಡಿ, ಚಿಂಚೋಳಿ ಪೇಟೆಯಲ್ಲೇ ಬೇಗ ಉಂಡುಬಿಡಿ. ಈ ತಾಲ್ಲೂಕಿನಲ್ಲಿ ಲಂಬಾಣಿ ತಾಂಡಾಗಳು ಬಹಳ. ಅವರ ಬಾಟಿ, ಸಳೋಯಿ ಅಂಗಡಿಯಲ್ಲಿ ಸಿಗೋದಿಲ್ಲ. ಯಾರಾದರೂ ಗೆಳೆಯರು ಹಬ್ಬಕ್ಕೆ ಕರೆದರೆ ಸಿಗುತ್ತೆ. ಎಲ್ಲ ಊಟವೂ ಮಾರಾಟಕ್ಕಿಲ್ಲ. ಅದೂ ಒಳ್ಳೇದೇ.

ಯಾವ ತಿಂಗಳು ಬರಬೇಕು

ಡಿಸೆಂಬರ್, ಜನವರಿ. ಹೊಲದಲ್ಲಿ ಹಸಿ ತೊಗರಿಕಾಯಿ ಇರುತ್ತೆ, ಉಪ್ಪು ಹಾಕಿ ಕುದಿಸಿ ಕೊಡ್ತಾರೆ. ಎಳೆ ಜೋಳದ ತೆನೆಯನ್ನ ಕೆಂಡದಲ್ಲಿ ಸುಟ್ಟು ಬಡಿದ ಸೀತನಿ ಇದೇ ಹೊತ್ತಿನದು, ಹೋಟೆಲಲ್ಲಿ ಅಲ್ಲ, ಹೊಲದಲ್ಲಿ. ಎಳ್ಳಮಾವಾಸ್ಯೆಯ ದಿನ ಮನೆ ಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಹತ್ತಾರು ಸೊಪ್ಪು-ಕಾಳು ಸೇರಿಸಿದ ಭಜ್ಜಿ, ಕಡುಬು, ಅಂಬಲಿ ಉಣ್ತಾರೆ. ಅವತ್ತು ಪೇಟೆಯಲ್ಲಿ ಖಾನಾವಳಿ ಹುಡುಕಬೇಡಿ. ಯಾರದಾದ್ರೂ ಹೊಲದ ಬದುವಿನ ಮೇಲೆ ನಡೆದು ಹೋಗ್ತಾ ಇರಿ, ಕರೆದೇ ಕರೀತಾರೆ. ಏಪ್ರಿಲ್, ಮೇ ಬರಬೇಡಿ. ನಾವೇ ಓಡಿಹೋಗ್ತೀವಿ.

ನಮ್ಮವರ ಸಂಕೋಚ

ಇಷ್ಟೆಲ್ಲ ಇದ್ದೂ ಮ್ಯಾಪ್‌ನಲ್ಲಿ ಯಾಕೆ ಕಾಣಿಸೋದಿಲ್ಲ? ಫೋನ್ ಬಳಸೋಕೆ ಬರಲ್ಲ ಅನ್ನೋದು ಅಲ್ಲ ಕಾರಣ. ಖಾನಾವಳಿಯ ಗೋಡೆಗಳ ಮೇಲೂ ಫೋನ್‌ಪೇ ಸ್ಟಿಕರ್ ಇದೆ. ಕಾರಣ, ಇದು ತೋರಿಸುವಂಥ ಊಟ ಅಂತ ನಮಗೇ ಅನ್ನಿಸದೇ ಇರೋದು.

ಎರಡು ವರ್ಷದ ಕೆಳಗೆ ನನ್ನ ಟೀಮಿನ ಮೂವರು ಮಳಖೇಡ ನೋಡೋಕೆ ಬಂದು ನಮ್ಮನೆಯಲ್ಲಿ ಉಳಿದಿದ್ರು. ಅವ್ವ ಹಿಂದಿನ ದಿನವೇ ಪೂರಿ, ಬಟಾಟಿ, ವೆಜಿಟೆಬಲ್ ಪಲಾವ್ ಅಂತ ಲಿಸ್ಟ್ ಮಾಡಿದ್ಲು. ರೊಟ್ಟಿ ಮಾಡವ್ವಾ ಅಂದೆ. ಕಾಕಾ ನಡುವೆ ಬಾಯಿ ಹಾಕಿದ್ರು: "ಬೆಂಗ್ಳೂರ್ ಮಂದಿಗಿ ರೊಟ್ಟಿ ಏನ್ ನೀಡ್ತೀಯೋ ತಮ್ಮಾ, ದಿನಾ ಉಣ್ಣೋದು ಅದನ್ನ. ಗುಲಬರ್ಗಾಕ್ಕ ಕರ್ಕೊಂಡ್ ಹೋಗು, ಪನೀರ್ ಉಣಿಸು." ಮನೆಗೆ ಬಂದವರಿಗೆ ಕಡಿಮೆ ಆಗಬಾರದು ಅನ್ನೋ ಪ್ರೀತಿ ಅದರಲ್ಲಿತ್ತು. ಜೋಳ ಅಂದ್ರೆ ಬಡವರ ಊಟ, ಅಕ್ಕಿ-ಗೋಧಿ ಅಂದ್ರೆ ಹಬ್ಬದ ಊಟ ಅಂತ ಬೆಳೆದ ಪೀಳಿಗೆ ಅದು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ವಿಶ್ವಸಂಸ್ಥೆ ಸಾರಿತು, ಜೋಳವೂ ಅದರಲ್ಲಿತ್ತು. ಕಾಕಾ ಮಾತ್ರ ಜಗ್ಗಿಲ್ಲ.

ಅವತ್ತು ಅವ್ವ ಪೂರಿಯನ್ನೂ ಮಾಡಿದ್ಲು, ರೊಟ್ಟಿಯನ್ನೂ ಬಡಿದ್ಲು. ಪೂರಿ ಉಳೀತು.

ಆದರೆ ಮನೆಯ ರೊಟ್ಟಿಗೆ ಅವ್ವ ಇದ್ದಾಳೆ. ಖಾನಾವಳಿಯ ರೊಟ್ಟಿಗೆ? ನಾನು ಊರಿಗೆ ಹೋದಾಗಲೆಲ್ಲ ಉಣ್ಣುವ ಒಂದು ಜಾಗ ಇದೆ. ಮೊದಲು ಮೂರು ಜನ ಹೆಂಗಸರು ಸಾಲಾಗಿ ಕೂತು ರೊಟ್ಟಿ ಬಡೀತಿದ್ರು. ಕಳೆದ ಸಲ ಒಬ್ಬರೇ ಇದ್ರು. ಉಳಿದವರು ಎಲ್ಲಿ ಚಿಗವ್ವಾ ಅಂದೆ.

"ಒಬ್ಬಾಕಿ ಮಗನ ಕೂಡ ಪುಣೇಕ್ ಹೋದ್ಳು. ಇನ್ನೊಬ್ಬಾಕಿಗಿ ಮೊಳಕಾಲ್ ಬ್ಯಾನಿ. ಹೊಸಾ ಹುಡುಗ್ಯಾರ್ ಬರಂಗಿಲ್ಲಪ್ಪ. ಬರಬ್ಯಾಡ್ರಿ ಅಂತ ನಾನೇ ಅಂತೀನಿ. ಮೇ ತಿಂಗಳ್ದಾಗ ಈ ಒಲಿ ಮುಂದ ಒಂದ್ ತಾಸ್ ಕುಂತ್ ನೋಡು."

"ಮುಂದ ಹ್ಯಾಂಗ?"

"ಮುಂದೇನು, ಮಗ ಫಾಸ್ಟ್ ಫುಡ್ ಹಾಕ್ತಾನಂತ. ಅದಕ್ ಒಬ್ಬ ಹುಡುಗ ಸಾಕು, ಗ್ಯಾಸ್ ಸಾಕು."

ಅವರ ಮಾತಿನಲ್ಲಿ ದುಃಖ ಇರಲಿಲ್ಲ, ಲೆಕ್ಕ ಇತ್ತು. ಆ ಲೆಕ್ಕ ನಾನೂ ಹಾಕಿ ನೋಡಿದೆ. ಅಲ್ಲಿ ಊಟಕ್ಕೆ ನೂರು ರೂಪಾಯಿಯ ಆಸುಪಾಸು, ರೊಟ್ಟಿ ಬೇಕಾದಷ್ಟು. ನಾನು ನಾಲ್ಕು ತಿಂದರೂ ಅದೇ ದುಡ್ಡು, ಪಕ್ಕದವರು ಎರಡು ತಿಂದರೂ ಅದೇ. ಪಲ್ಯದ ಪಾತ್ರೆಗೆ ಇನ್ನೊಂದು ಸೌಟು ನೀರು ಹಾಕಬಹುದು. ರೊಟ್ಟಿಗೆ ಹಾಗಲ್ಲ. ಪ್ರತಿ ಹೆಚ್ಚುವರಿ ರೊಟ್ಟಿ ಅಂದ್ರೆ ಅದೇ ಕೈ ಮತ್ತೊಮ್ಮೆ ನಾದಬೇಕು, ಮತ್ತೊಮ್ಮೆ ಬಡಿಯಬೇಕು. ಬೆಂಗಳೂರಿನ "ಉತ್ತರ ಕರ್ನಾಟಕ ಶೈಲಿ" ರೆಸ್ಟೋರೆಂಟ್‌ನಲ್ಲಿ ಇದೇ ಊಟಕ್ಕೆ ಎರಡು-ಮೂರು ಪಟ್ಟು ಕೊಟ್ಟು, ಟಿಪ್ಸ್ ಬೇರೆ ಇಟ್ಟು ಬರ್ತೀವಿ. ಇಲ್ಲಿ ಹತ್ತು ರೂಪಾಯಿ ಏರಿಸಿದರೆ "ರೇಟ್ ಜಾಸ್ತಿ ಮಾಡೀರಲ್ಲ" ಅಂತ ಮುಖ ಗಂಟು ಹಾಕ್ತೀವಿ.

ಕಲಬುರಗಿ ಶರಣಬಸವೇಶ್ವರರ ದಾಸೋಹದ ನಾಡು. ಹಸಿದು ಬಂದವರಿಗೆ ಸಾಕು ಅನ್ನುವವರೆಗೆ ನೀಡಬೇಕು ಅನ್ನೋದು ಇಲ್ಲಿನವರ ರಕ್ತದಲ್ಲೇ ಇದೆ. "ಇನ್ನೊಂದ್ ನೀಡ್ಲೇನ್ರಿ?" ಅಂತ ಕೇಳದೆ ತಟ್ಟೆ ಎತ್ತೋದಿಲ್ಲ. ಆದರೆ ದಾಸೋಹಕ್ಕೆ ಊರೆಲ್ಲ ಜೋಳ ತಂದು ಸುರಿಯುತ್ತೆ, ನೂರು ಕೈ ಸೇರ್ತವೆ. ಖಾನಾವಳಿಯ ದಾಸೋಹ ಒಬ್ಬ ಹೆಂಗಸಿನ ಎರಡು ಕೈ ಮೇಲೆ ನಿಂತಿದೆ. ಇದು ಹೀಗೇ ಬಹಳ ದಿನ ನಿಲ್ಲೋದಿಲ್ಲ.

ಹಾಗಾದ್ರೆ ನಾವು ಮಾಡೋದೇನು

ಜೋಳದ ರೊಟ್ಟಿ ಉಳಿಸಿ ಅಂತ ಭಾಷಣ ಮಾಡೋಕೆ ನನಗೆ ಬರೋದಿಲ್ಲ. ಎರಡು ದಿನಕ್ಕೆ ಬರುವವರು ಮಾಡಬಹುದಾದ ನಾಲ್ಕು ಕೆಲಸ ಮಾತ್ರ ಹೇಳ್ತೀನಿ.

ಮೂರನೇ ರೊಟ್ಟಿಯಿಂದ ಹೆಚ್ಚಿನ ದುಡ್ಡು ಕೊಡಿ, ಕೇಳದಿದ್ದರೂ ಕೊಡಿ. "ಬ್ಯಾಡ್ರಿ" ಅಂತಾರೆ. "ರೊಟ್ಟಿ ಬಡದವ್ರಿಗಿ ಕೊಡ್ರಿ" ಅಂತ ಹೇಳಿ ಇಟ್ಟು ಬನ್ನಿ.

ಹೋಗೋ ಮೊದಲು ಫೋನ್ ನಂಬರ್ ಸಿಕ್ಕರೆ "ಆರು ಮಂದಿ ಬರ್ತೀವಿ" ಅಂತ ತಿಳಿಸಿ. ಒಮ್ಮೆಲೇ ಹತ್ತು ಜನ ನುಗ್ಗಿ, ಇಪ್ಪತ್ತು ರೊಟ್ಟಿ ಬೇಗ ಅಂದ್ರೆ ಒಲೆ ಮುಂದಿರುವವರ ಗತಿ ಏನು?

ಹಾಕಿಸ್ಕೊಂಡಿದ್ದು ಬಿಡಬೇಡಿ. ಒಂದೇ ಹಾಕಿಸ್ಕೊಳ್ಳಿ, ಬೇಕಾದ್ರೆ ಮತ್ತೆ ಕೇಳಿ. ಇದು ರುಚಿಯ ಮಾತೂ ಹೌದು. ತಟ್ಟೆಯಲ್ಲಿ ಕಾದು ಕೂತ ರೊಟ್ಟಿ ರಬ್ಬರ್ ಆಗುತ್ತೆ.

ಕೊನೆಯದು ನಮ್ಮ ಕಸುಬಿಗೆ ಸಂಬಂಧಪಟ್ಟಿದ್ದು. ರಿವ್ಯೂ ಬರೆಯಿರಿ, ಕನ್ನಡದಲ್ಲಿ ಬರೆಯಿರಿ. "ಗುಡ್ ಫುಡ್, ಫೈವ್ ಸ್ಟಾರ್" ಅಂದ್ರೆ ಯಾರಿಗೂ ಉಪಯೋಗ ಇಲ್ಲ. ನಮ್ಮ ಖಾನಾವಳಿಗಳ ಕೆಳಗೆ ಈಗ ಇರುವ ರಿವ್ಯೂಗಳು ಹೇಗಿವೆ ಗೊತ್ತಾ? "ಮೆನು ಇಲ್ಲ, ಎಸಿ ಇಲ್ಲ, ಬರೀ ರೊಟ್ಟಿ" ಅಂತ ಎರಡು ಸ್ಟಾರ್! ಅದರ ಕೆಳಗೆ ನೀವು ಬರೆಯಿರಿ: ಯಾವ ವಾರ, ಎಷ್ಟು ಗಂಟೆಗೆ ಹೋಗಿದ್ರಿ, ಯಾವ ಪಲ್ಯ ಇತ್ತು, ರೊಟ್ಟಿ ಕೈಯಿಂದ ಬಡಿದದ್ದಾ, ಎಷ್ಟು ದುಡ್ಡು. "ಖಾನಾವಳಿ", "ಬಿಸಿ ರೊಟ್ಟಿ", "ಪುಂಡಿ ಪಲ್ಯ" ಅನ್ನೋ ಪದಗಳನ್ನ ಕನ್ನಡದಲ್ಲೇ ಹಾಕಿ. ಮುಂದಿನವರು ಅದೇ ಪದ ಹೊಡೆದು ಹುಡುಕಿದಾಗ ಪನೀರ್ ಬಟರ್ ಮಸಾಲದ ಮೇಲೆ ಈ ಜಾಗ ಕಾಣಿಸಬೇಕು. ಪುಸ್ತಕ ಬರೆಯೋಕೆ ಅವರಿಗೆ ಟೈರ್ ಕಂಪನಿ ಇತ್ತು, ನಮಗೆ ನಾವೇ.

ಪ್ಲಾನ್ ಬೇಕಾ? ಗುರುವಾರ ರಾತ್ರಿ ಬೆಂಗಳೂರಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ, ಶುಕ್ರವಾರ ಬೆಳಗ್ಗೆ ವಾಡಿಯಲ್ಲಿ ಇಳೀರಿ. ಸುಸಲಾ-ಮಿರ್ಚಿ, ಚಹಾ. ಚಿತ್ತಾಪುರಕ್ಕೆ ಬಂದು ನಾಗಾವಿ ನೋಡಿ, ಒಂದು ಗಂಟೆಗೆ ರೊಟ್ಟಿ ಊಟ. ಸಂಜೆ ಮಳಖೇಡ, ರಾತ್ರಿ ಎಂಟಕ್ಕೆ ಸೇಡಂನಲ್ಲಿ ಪುಂಡಿ ಪಲ್ಯ. ಶನಿವಾರ ಚಿಂಚೋಳಿ ಕಾಡು, ಅಲ್ಲಿಂದ ಕಲಬುರಗಿ, ರಾತ್ರಿ ರೈಲಿಗೆ ವಾಪಸ್. ಬ್ಯಾಗಿನಲ್ಲಿ ಒಂದು ಕಟ್ಟು ಕಡಕ್ ರೊಟ್ಟಿ, ಅರ್ಧ ಕೆಜಿ ಶೇಂಗಾ ಹಿಂಡಿ, ಎರಡು ಕೆಜಿ ತೊಗರಿಬೇಳೆಗೆ ಜಾಗ ಬಿಟ್ಟಿರಿ.

ಹೋಗಿ ಬಂದವರು ಕೆಳಗಿನ ಕಮೆಂಟ್‌ನಲ್ಲಿ ಊರು, ಹೊತ್ತು, ಪಲ್ಯದ ಹೆಸರು ಬರೆಯಿರಿ. ಬಾಗಿಲು ಹಸಿರೋ ನೀಲಿಯೋ ಅದನ್ನೂ ಬರೆಯಿರಿ, ಹುಡುಕೋಕೆ ಅನುಕೂಲ ಆಗುತ್ತೆ.